ಅರದಕ್ಕನ ಒಂದೇ ಒಂದು ಹೊಗಳಿಕೆ

ಅರದಕ್ಕನಿಗೆ ಸಿನಿಮಾ ಕಂಡರಾಗುತ್ತಿರಲಿಲ್ಲ. ಆದ್ದರಿಂದ ಊರಿಗೆ ಬಂದ ಒಂದನ್ನೂ ಆಕೆ ಬಿಡುತ್ತಿರಲಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ ಕೆಲಸದ ಕೋಣೆಗೆ ಬೀಗ ಜಡಿದು, ಬೆರಳಿಗಂಟಿದ ಪ್ಲಾಸ್ಟರನ್ನು ತೊಳೆದುಕೊಂಡು, ಚಿತ್ರಮಂದಿರದ ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಹೋಗಿ ಕೂರುತ್ತಿದ್ದಳು. ತುದಿಯ ಕುರ್ಚಿಯೇ ಏಕೆಂದರೆ, ತಡೆಯದಾದಾಗ ಯಾರ ಕಾಲನ್ನೂ ತುಳಿಯದೆ ಎದ್ದು ಹೋಗಬಹುದು. ಎದ್ದು ಹೋದದ್ದು ಮಾತ್ರ ಒಮ್ಮೆಯೂ ಇಲ್ಲ. ಟಿಕೆಟ್ ತೆಗೆದ ಮೇಲೆ ಸಿಟ್ಟನ್ನು ಅರ್ಧಕ್ಕೆ ಬಿಟ್ಟು ಬರುವುದು ಆಕೆಗೆ ದಂಡವೆನಿಸುತ್ತಿತ್ತು.

ಕಸುಬು ಹಲ್ಲು ಮಾಡುವುದು. ಹಲ್ಲಿನ ಡಾಕ್ಟರೇ ಬೇರೆ, ಹಲ್ಲು ಮಾಡುವವರೇ ಬೇರೆ ಎಂಬುದು ಬಾಯಿ ತುಂಬ ಕಟ್ಟಿಸಿಕೊಂಡವರಿಗೂ ಗೊತ್ತಿರುವುದಿಲ್ಲ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಅರದಕ್ಕ ಆ ಅಳತೆಗೆ ಪ್ಲಾಸ್ಟರು ಹೊಯ್ದು ಅಚ್ಚು ತೆಗೆಯುತ್ತಾಳೆ, ಮೇಣದಲ್ಲಿ ವಸಡು ಕಟ್ಟುತ್ತಾಳೆ, ಹಲ್ಲು ಜೋಡಿಸುತ್ತಾಳೆ, ಬೇಯಿಸಿ, ಅರ ಹಾಕಿ ಉಜ್ಜಿ, ಹೊಳಪು ಕೊಡುತ್ತಾಳೆ. ಗೋಡೆಯುದ್ದದ ಹಲಗೆಯ ಮೇಲೆ ಊರಿನ ಅರ್ಧ ಜನರ ಬಾಯಿಗಳು ಪ್ಲಾಸ್ಟರಿನಲ್ಲಿ ಸಾಲಾಗಿ ಕುಳಿತಿದ್ದವು. ಬೆರಳಷ್ಟು ಉದ್ದದ ಒಂದು ಅರ ಸದಾ ಆಕೆಯ ಕೈಯಲ್ಲಿ ಇರುತ್ತಿತ್ತು. ಅದನ್ನು ನೋಡಿಯೇ ತಂಗಿಯ ಗಂಡ ಈ ಹೆಸರಿಟ್ಟದ್ದು. "ಕೈಯಲ್ಲಿರೋದು ಚಿಕ್ಕ ಅರ, ಬಾಯಲ್ಲಿರೋದು ದೊಡ್ಡದು" ಎಂದು ಅವನು ಬಂದವರಿಗೆಲ್ಲ ವಿವರಿಸುತ್ತಿದ್ದ. ಆಕೆ ಬೇಡವೆನ್ನಲಿಲ್ಲ. ಒಪ್ಪುವ ಹೆಸರೆಂದು ಆಕೆಗೂ ತೋರಿರಬೇಕು.

ಕಸುಬಿನಲ್ಲಿ ಆಕೆಗೊಂದು ಕಟ್ಟುನಿಟ್ಟಿತ್ತು. ಸೆಟ್ಟು ಮುಗಿದ ಮೇಲೆ ಅದರ ಯಜಮಾನ ಹಿಂದಿನ ಕೋಣೆಗೆ ಬಂದು, ಅದನ್ನು ಬಾಯಿಗಿಟ್ಟುಕೊಂಡು, ಆಕೆಯ ಮುಂದೆ ನಿಂತು "ಮೀಸೆ, ಸೀಸೆ, ಸಾಸಿವೆ" ಎನ್ನಬೇಕು. ಹಲ್ಲು ಕೂರಿಸಿದ ಪ್ಲೇಟು ಅಂಗುಳಕ್ಕೆ ಕಚ್ಚಿ ಕೂತಿದ್ದರೆ ಮಾತು ಶುದ್ಧವಾಗಿ ಬರುತ್ತದೆ. ಎಲ್ಲೋ ಕೂದಲೆಳೆಯಷ್ಟು ಸಡಿಲವಿದ್ದರೂ ಸಂದಿಯಲ್ಲಿ ಗಾಳಿ ನುಸುಳಿ ಸಿಳ್ಳೆ ಬರುತ್ತದೆ. ಸಿಳ್ಳೆ ಬಂದರೆ ಪ್ಲೇಟು ಹೊರಗೆ ಹೋಗುವ ಹಾಗಿಲ್ಲ. ನ್ಯಾಯಾಧೀಶರೊಬ್ಬರು ಆ ಮೇಜಿನ ಮುಂದೆ ಕೈಕಟ್ಟಿ ನಿಂತು ಸಾಸಿವೆ ಸಾಸಿವೆ ಎಂದು ಹೇಳಿ ಹೋಗಿದ್ದರು.

ಇಂಥವಳು ಸಿನಿಮಾಕ್ಕೆ ಹೋದರೆ ಏನು ನೋಡುತ್ತಾಳೆ? ಮೊದಲು ಹಲ್ಲು. ಆಮೇಲೆ ಉಗುರು, ಕಾಲರು, ಚಪ್ಪಲಿ. ಕೊನೆಗೆ, ಹೊತ್ತು ಉಳಿದರೆ, ಕಥೆ.

ಪ್ರಶಸ್ತಿಯ ಕಾಲ ಬಂತೆಂದರೆ ತಂಗಿಯ ಮನೆಯ ನಡುಮನೆಗೆ ಕಳೆ ಬರುತ್ತಿತ್ತು. ಅರದಕ್ಕ ಇದ್ದದ್ದು ಆ ಮನೆಯ ಮುಂಗೋಣೆಯಲ್ಲೇ. ತಂಗಿಯ ಗಂಡನದು ಪರದೆ ಬಟ್ಟೆಯ ಅಂಗಡಿ. ಯಾವ ಚಿತ್ರಕ್ಕೆ ಯಾವ ಪ್ರಶಸ್ತಿ ಎಂದು ತಿಂಗಳ ಮುಂಚಿನಿಂದ ಅವನು ಅಂಗಡಿಯಲ್ಲಿ ಗಿರಾಕಿಗಳ ಜೊತೆ ವಾದಿಸುತ್ತಿದ್ದ. ಅವನ ಗೆಳೆಯ ಪತ್ರಿಕೆಯೊಂದರ ಸಿನಿಮಾ ಪುಟ ಬರೆಯುವವನು. ಚಿತ್ರಗಳಿಗೆ ಐದಕ್ಕೆ ಇಷ್ಟು ಎಂದು ನಕ್ಷತ್ರ ಕೊಡುವ ಕೆಲಸ. ಮೂರಕ್ಕಿಂತ ಕಡಿಮೆ ಕೊಟ್ಟು ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಅರದಕ್ಕ ಅವನನ್ನು ನಕ್ಷತ್ರರಾಯ ಎಂದು ಕರೆಯುತ್ತಿದ್ದಳು. ಅವನು ಅದನ್ನು ಗೌರವವೆಂದು ತಿಳಿದಿದ್ದ.

"ಯುದ್ಧದ ಚಿತ್ರ ನೋಡಿದ್ರಾ ಅತ್ತಿಗೆ?" ತಂಗಿಯ ಗಂಡ ಒಂದು ಭಾನುವಾರ ಕೇಳಿದ. ಕೇಳುವಾಗಲೇ ಅವನಿಗೆ ನಗು.

"ನೋಡಿದೆ. ಚೆನ್ನಾಗಿ ಇಸ್ತ್ರಿ ಮಾಡಿದಾರೆ."

"ಇಸ್ತ್ರಿನಾ?"

"ಮತ್ತೆ? ತಿಂಗಳುಗಟ್ಟಲೆ ಕಂದಕದಲ್ಲಿ ಬಿದ್ದಿದಾರಂತೆ, ತಿನ್ನೋಕೆ ಗತಿಯಿಲ್ಲವಂತೆ, ಅಂಗಿಯಲ್ಲಿ ಒಂದು ಸುಕ್ಕಿಲ್ಲ. ಒಬ್ಬೊಬ್ಬನೂ ಬಾಯಿ ತೆಗೆದ್ರೆ ಬಚ್ಚಲುಮನೆ ಟೈಲ್ಸು. ಶತ್ರುಗಳು ಆ ಹೊಳಪು ನೋಡ್ಕೊಂಡೇ ಗುಂಡು ಹಾರಿಸಿರಬೇಕು."

"ಒಂದೇ ಸಲಕ್ಕೆ, ಕತ್ತರಿಸದೆ ತೆಗೆದಿರೋ ಚಿತ್ರ ಇದೆಯಲ್ಲ, ಅದು?"

"ಅವನು ಮೆಟ್ಟಿಲು ಹತ್ತೋದನ್ನ ಕೆಳಗಿಂದ ಮೇಲಿನ ತನಕ ನಾವೂ ಜೊತೆಗೇ ಹತ್ತಬೇಕು. ನನ್ನ ಮಂಡಿಗೆ ಮೆಟ್ಟಿಲು ಅಂದ್ರೇನು ಅಂತ ಗೊತ್ತಿದೆ, ಇವನು ತೋರಿಸಬೇಕಾಗಿಲ್ಲ."

"ಬಡವರ ಕಥೆ ಅಕ್ಕಾವ್ರೇ?" ನಕ್ಷತ್ರರಾಯ ಸೋಫಾದಿಂದ ಮುಂದೆ ಬಾಗಿದ. "ನಾನು ನಾಲ್ಕೂವರೆ ಕೊಟ್ಟೆ. ಕಣ್ಣೀರು ತಡೆಯೋಕೆ ಆಗಲಿಲ್ಲ."

"ಆ ಗುಡಿಸಲಿನ ಮೇಲೆ ಬಿಸಿಲು ಎಷ್ಟು ಚೆಂದ ಬೀಳುತ್ತೆ ಅಂದ್ರೆ, ಬಡವಳಾಗಿಬಿಡೋಣ ಅಂತ ನನಗೂ ಆಸೆ ಆಯ್ತು."

"ಅಕ್ಕಾ, ನಿನಗೆ ಯಾವುದಾದ್ರೂ ಒಂದು ಹಿಡಿಸಿದ್ದು ಉಂಟಾ?" ತಂಗಿ ಅಡುಗೆಮನೆಯಿಂದಲೇ ಕೂಗಿದಳು.

"ಮಧ್ಯಂತರ."

ಆಕೆಗೆ ಎಲ್ಲಕ್ಕಿಂತ ಹೇಸಿಗೆ ಬರಿಸುತ್ತಿದ್ದದ್ದು ಚಿತ್ರಮಂದಿರದ ಮುಂದಿನ ಪೋಸ್ಟರು. ಅದರ ಮೇಲೆ ಅವರಿವರು ಹೊಗಳಿದ ಮಾತುಗಳನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದ್ಭುತ, ಅಪೂರ್ವ, ಅಮೋಘ. "ಮೂರು ಆಶ್ಚರ್ಯಚಿಹ್ನೆ ಹಾಕಿದವನು ಚಿತ್ರ ನೋಡಿರೋದಿಲ್ಲ, ಒಂದು ಹಾಕಿದವನು ಅರ್ಧ ನೋಡಿರ್ತಾನೆ" ಎನ್ನುತ್ತಿದ್ದಳು. ನಕ್ಷತ್ರರಾಯನ ಹೆಸರು ಅಂಥ ಪೋಸ್ಟರುಗಳ ಮೇಲೆ ಆಗಾಗ ಇರುತ್ತಿತ್ತು.

ಆ ವರ್ಷ ಎಲ್ಲರ ಬಾಯಲ್ಲೂ ಇದ್ದದ್ದು ಕಾವಲುಗಾರನ ಚಿತ್ರ. ಗೋದಾಮು ಕಾಯುವ ಮುದುಕ. ಅವನನ್ನು ಕೆಲಸದಿಂದ ತೆಗೆದು ಆಗಿದೆ. ವಾರಕ್ಕೊಮ್ಮೆ ನೋಡಲು ಬರುವ ಮಗಳಿಗೆ ಅದನ್ನು ಹೇಳದೆ, ಎಲ್ಲ ಚೆನ್ನಾಗಿದೆಯೆಂದು ಸುಳ್ಳು ಹೇಳಿಕೊಂಡು, ಒಂದು ನಾಯಿಯ ಜೊತೆ ದಿನ ಕಳೆಯುತ್ತಾನೆ. ಮುದುಕನ ಪಾತ್ರ ಮಾಡಿದವನು ಇನ್ನೂ ತಲೆ ನರೆಯದ ನಟ. ಮಾತಾಡಿದರೆ ಮುದುಕನ ಬಾಯಿಂದ ಸಣ್ಣ ಸಿಳ್ಳೆ ಹೊರಡುತ್ತದೆ. ಆ ಸಿಳ್ಳೆಗೆ ಊರು ಮರುಳಾಗಿತ್ತು. ಮುಪ್ಪಿನ ಉಸಿರನ್ನೇ ಹಿಡಿದು ತಂದ ನಟನೆ ಎಂದು ಒಂದು ಪತ್ರಿಕೆ ಬರೆಯಿತು. ನಕ್ಷತ್ರರಾಯ ಐದಕ್ಕೆ ಐದು ಕೊಟ್ಟ.

ಚಿತ್ರ ನೋಡುವಾಗ ಅರದಕ್ಕನಿಗೆ ಆದದ್ದೇ ಬೇರೆ. ಮೊದಲ ಸಿಳ್ಳೆ ಕೇಳಿದ್ದೇ ಆಕೆಗೆ ಗುರುತು ಹತ್ತಿತು. ಆ ಹಳದಿ ಹಲ್ಲಿನ ಪ್ಲೇಟನ್ನು ಮಾಡಿದವಳು ಆಕೆಯೇ. ಹಿಂದಿನ ವರ್ಷ ನಟ ಡಾಕ್ಟರಮ್ಮನ ಹತ್ತಿರ ಬಂದು ಅಳತೆ ಕೊಟ್ಟುಹೋಗಿದ್ದ. ಸ್ವಂತ ಹಲ್ಲಿನ ಮೇಲೆ ಕೂರುವ, ಸವೆದ ಮುದಿ ಹಲ್ಲು ಬೇಕಿತ್ತು. ಬಾಯಿಗಿಟ್ಟು ನೋಡಲು ಬರುತ್ತೇನೆಂದವನು ಬರಲಿಲ್ಲ. ಬದಲಿಗೆ ಅವನ ಮುಖಕ್ಕೆ ಬಣ್ಣ ಹಚ್ಚುವವನು ಬಂದು, "ಶೂಟಿಂಗ್ ಮುಂದಕ್ಕೆ ಹಾಕೋಕೆ ಆಗಲ್ಲಮ್ಮ, ಕೊಟ್ಟುಬಿಡಿ" ಎಂದು ಬಾಗಿಲಲ್ಲಿ ನಿಂತ. ಹೊರಗೆ ಕಾರು ಗುರುಗುಟ್ಟುತ್ತಿತ್ತು. ಮೀಸೆಯಿಲ್ಲ, ಸೀಸೆಯಿಲ್ಲ, ಸಾಸಿವೆಯಿಲ್ಲ, ಅರದಕ್ಕ ಪ್ಲೇಟನ್ನು ಡಬ್ಬಿಯಲ್ಲಿಟ್ಟು ಕೊಟ್ಟುಬಿಟ್ಟಿದ್ದಳು. ಜನ್ಮದಲ್ಲಿ ಅದೊಂದೇ ಸಲ. ಈಗ ಅದು ಅಷ್ಟು ದೊಡ್ಡ ಪರದೆಯ ಮೇಲೆ, ಅಷ್ಟು ಜನರ ಮುಂದೆ ಸಿಳ್ಳೆ ಹಾಕುತ್ತಿತ್ತು. ಉಳಿದ ಚಿತ್ರವನ್ನು ಆಕೆ ನೋಡಲಿಲ್ಲವೆಂದೇ ಹೇಳಬೇಕು. ಕಣ್ಣು ಪರದೆಯ ಮೇಲಿತ್ತು, ಮನಸ್ಸು ಹಿಂದಿನ ಕೋಣೆಯ ಹಲಗೆಯ ಮೇಲೆ.

ಆದ್ದರಿಂದ ಆ ಭಾನುವಾರ ನಡುಮನೆಯಲ್ಲಿ ನಕ್ಷತ್ರರಾಯ ಕಣ್ಣು ಮುಚ್ಚಿಕೊಂಡು, "ಆ ಸಿಳ್ಳೆ ಅಕ್ಕಾವ್ರೇ! ಅದೊಂದಕ್ಕೇ ಪ್ರಶಸ್ತಿ ಕೊಡಬೇಕು" ಎಂದಾಗ ಆಕೆಗೆ ತಡೆಯಲಾಗಲಿಲ್ಲ.

"ಹಾಗಾದ್ರೆ ನನಗೆ ಕೊಡಿ."

"ಅಂದ್ರೆ?"

"ಅದು ನಟನೆ ಅಲ್ಲ ಕಣಯ್ಯಾ, ಸಡಿಲ ಪ್ಲೇಟು. ನಾನೇ ಮಾಡಿದ್ದು, ಬಾಯಿಗೆ ಇಡಿಸಿ ನೋಡದೆ ಕೊಟ್ಟಿದ್ದು. ನೀನು ಐದು ನಕ್ಷತ್ರ ಕೊಟ್ಟಿದೀಯಲ್ಲ, ನನ್ನ ಕಳಪೆ ಕೆಲಸಕ್ಕೆ ಕೊಟ್ಟಿದೀಯ."

ತಂಗಿಯ ಗಂಡ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಕ್ಷತ್ರರಾಯ ನಗಲಿಲ್ಲ. ಹೊಗಳಿ ಹೊಗಳಿ ಸಪ್ಪೆಯಾದ ಬಾಳಿನಲ್ಲಿ ಅವನಿಗೆ ಮೊದಲ ಬಾರಿ ಸುದ್ದಿಯೊಂದು ಸಿಕ್ಕಿತ್ತು.

"ಇದನ್ನ ಬರೀಲಾ? ಮುಂದಿನ ಭಾನುವಾರದ ಪುಟಕ್ಕೆ? ಅದರ ಮಾರನೇ ದಿನ ಸೋಮವಾರ ಪ್ರಶಸ್ತಿ ಸಮಿತಿ ಸೇರುತ್ತೆ. ಇದು ಬಂದ್ರೆ ಆ ಮನುಷ್ಯನ ಕಥೆ ಮುಗೀತು. ಆದ್ರೆ ನಿಮ್ಮ ಹೆಸರು ಹಾಕಲೇಬೇಕು ಅಕ್ಕಾವ್ರೇ, ಇಲ್ಲದಿದ್ರೆ ಯಾರೂ ನಂಬಲ್ಲ."

ಯೋಚಿಸಿ ಹೇಳುತ್ತೇನೆ ಎಂದಳು ಅರದಕ್ಕ. ಯೋಚಿಸುವ ಅಭ್ಯಾಸ ಸಿನಿಮಾದ ವಿಷಯದಲ್ಲಿ ಆಕೆಗೆ ಇರಲಿಲ್ಲ, ಆದರೆ ಇದು ಕಸುಬಿನ ವಿಷಯ.

ಮರುದಿನ ಸುದ್ದಿ ಕೇಳಿ ಡಾಕ್ಟರಮ್ಮ ಕೈಗವಸು ಕಳಚದೆಯೇ ಹಿಂದಿನ ಕೋಣೆಗೆ ಓಡಿಬಂದರು.

"ಅಕ್ಕಾ, ನಿಮಗೇನಾದ್ರೂ ಬುದ್ಧಿ ಇದೆಯಾ? ನಮ್ಮಲ್ಲಿ ಮಾಡಿಸಿದ ಹಲ್ಲು ಸಿಳ್ಳೆ ಹೊಡೆಯುತ್ತೆ ಅಂತ ನಾವೇ ಪೇಪರಿನಲ್ಲಿ ಹಾಕಿಸೋದಾ? ನಾಳೆಯಿಂದ ಯಾರು ಬರ್ತಾರೆ? ಇಷ್ಟು ವರ್ಷದ ನಿಮ್ಮ ಹೆಸರು?"

"ಹೊಡೆದಿದೆಯಲ್ಲ ಸಿಳ್ಳೆ."

"ಹೊಡೀಲಿ! ಜನಕ್ಕೆ ಅದು ನಟನೆ ಅಂತ ಅನಿಸಿದೆ. ಅನಿಸಲಿ ಬಿಡಿ. ನಿಮಗೇನು ನಷ್ಟ?"

ನಷ್ಟವೇನೆಂದು ಅರದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಮುಚ್ಚಿಕೊಂಡರೆ ಕೆಲಸದ ಹೆಸರು ಉಳಿಯುತ್ತದೆ, ಆದರೆ ಕೆಟ್ಟ ಕೆಲಸವೊಂದು ಕಲೆಯೆಂದು ಮೆರವಣಿಗೆ ಹೋಗುವುದನ್ನು ಬದುಕಿರುವಷ್ಟು ಕಾಲ ನೋಡಬೇಕಾಗುತ್ತದೆ. ಬಾಯಿ ಬಿಟ್ಟರೆ ಊರಿನವರೆಲ್ಲ ತಮ್ಮ ತಮ್ಮ ಪ್ಲೇಟನ್ನು ನಾಲಿಗೆಯಿಂದ ತಳ್ಳಿ ನೋಡಿಕೊಳ್ಳುತ್ತಾರೆ. ಎರಡು ದಿನ ಆಕೆ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಹಲಗೆಯಿಂದ ನಟನ ಬಾಯಿಯ ಅಚ್ಚನ್ನು ಇಳಿಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಚ್ಚಿನಲ್ಲಿ ತಪ್ಪು ಕಾಣಲಿಲ್ಲ. ಕಾಣದ ತಪ್ಪೇ ಕೆಟ್ಟದ್ದು ಎಂದುಕೊಂಡು ಅದನ್ನು ಮತ್ತೆ ಮೇಲಿಟ್ಟಳು. ಮೂರನೆಯ ದಿನ ನಕ್ಷತ್ರರಾಯನಿಗೆ ಫೋನು ಮಾಡಿ, "ಬರಿ. ನನ್ನ ಹೆಸರು ದಪ್ಪಕ್ಷರದಲ್ಲೇ ಹಾಕು" ಎಂದಳು.

ಶನಿವಾರ ಬೆಳಿಗ್ಗೆ ನಟ ತಾನೇ ಬಂದ.

ಬಂದದ್ದು ಹೇಗೆ! ಕೋಣೆಯೊಳಗೂ ಕಪ್ಪು ಕನ್ನಡಕ. ಅವನಿಗಿಂತ ಮೊದಲು ಅವನ ಸುಗಂಧ ಒಳಗೆ ಬಂತು. ಎರಡು ಫೋನು ಹಿಡಿದ ಸಹಾಯಕಿಯೊಬ್ಬಳು ಬಾಗಿಲಲ್ಲಿ ನಿಂತಳು. ನಟ ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದ. ಅರದಕ್ಕ ನೋಡಿಯೂ ನೋಡದಂತೆ ಮೇಣ ಕಾಯಿಸುತ್ತಿದ್ದಳು.

"ಅಮ್ಮಾ, ಇದು ಬಿರುಕು ಬಿಟ್ಟಿದೆ." ಅವನು ಡಬ್ಬಿ ತೆರೆದ. "ಸಮಾರಂಭದಲ್ಲಿ ನನ್ನಿಂದ ಮುದುಕನ ಎರಡು ಮಾತು ಆಡಿಸ್ತಾರಂತೆ. ಜನ ಕೇಳ್ತಾರೆ, ಏನು ಮಾಡೋದು? ಕಲಾವಿದ ಆದವನು..."

"ಇತ್ತ ಕೊಡಿ."

ಪ್ಲೇಟನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಒಳಗಿನ ಅಂಚು ಆಕೆಯ ಕೈಯದಾಗಿರಲಿಲ್ಲ. ಯಾರೋ ಅದನ್ನು ಒರಟಾಗಿ ಉಜ್ಜಿ ಸವೆಸಿದ್ದರು. ಹಲ್ಲನ್ನು ಕಚ್ಚಿ ಹಿಡಿಯಬೇಕಾದ ಕಡೆಯೆಲ್ಲ ಗೀರು ಗೀರು.

"ಯಾರು ಇದಕ್ಕೆ ಅರ ಹಾಕಿದ್ದು?"

ನಟ ಕನ್ನಡಕ ತೆಗೆದ. ಶಾಲೆಯಲ್ಲಿ ಸಿಕ್ಕಿಬಿದ್ದವನ ಮುಖ. "ನಾನೇ. ಉಗುರು ಉಜ್ಜೋ ಅರದಲ್ಲಿ."

"ಏನಕ್ಕೆ?"

"ತುಂಬಾ ಚೆನ್ನಾಗಿ ಕೂತಿತ್ತಮ್ಮ. ಬಾಯಿಗಿಟ್ಟುಕೊಂಡ್ರೆ ವಾರ್ತೆ ಓದಿದ ಹಾಗೆ ಮಾತು ಬರೋದು. ನಮ್ಮ ತಾತನ ಪ್ಲೇಟು ಸದಾ ಜಾರ್ತಾ ಇತ್ತು. ಒಬ್ಬರೇ ಇರೋವಾಗ ನಾಲಿಗೆಯಿಂದ ಒತ್ತಿ ಹಿಡ್ಕೊಂಡಿರೋರು, ಸಿಳ್ಳೆ ಇರ್ತಿರಲಿಲ್ಲ. ಯಾರಿಗಾದ್ರೂ ಸುಳ್ಳು ಹೇಳೋವಾಗ ಗಮನ ತಪ್ಪಿ ಬಿಟ್ಟುಬಿಡೋರು. ಅಜ್ಜಿ ಅದರಲ್ಲೇ ಹಿಡೀತಿದ್ರು. ಅದಕ್ಕೇ ಮಗಳ ಹತ್ರ ಮಾತಾಡೋವಾಗ ಮಾತ್ರ ಸಿಳ್ಳೆ ಇಟ್ಟೆ. ನಾಯಿ ಹತ್ರ ಇಲ್ಲ."

"ನಾಯಿ ಹತ್ರ ಇಲ್ವಾ?"

"ಇಲ್ಲವಲ್ಲ. ನೀವು ಚಿತ್ರ ನೋಡಿಲ್ವಾ?"

ಅರದಕ್ಕ ಪ್ಲೇಟು ತೊಳೆದು ಅವನ ಕೈಗಿಟ್ಟು, "ಹಾಕ್ಕೊಂಡು ಮೀಸೆ, ಸೀಸೆ, ಸಾಸಿವೆ ಅನ್ನಿ" ಎಂದಳು. ಅಂದ. ಮೂರರಲ್ಲೂ ಸಿಳ್ಳೆ. "ಈಗ ಸಿಳ್ಳೆ ಇಲ್ಲದೆ." ಅವನ ಕೆನ್ನೆಯ ಒಳಗೆ ಏನೋ ಸ್ವಲ್ಪ ಕದಲಿತು. ಮೀಸೆ, ಸೀಸೆ, ಸಾಸಿವೆ, ಮೂರೂ ಒರೆಸಿಟ್ಟಷ್ಟು ಶುದ್ಧ. ಅಷ್ಟು ಸಡಿಲವಾದ ಪ್ಲೇಟಿನಲ್ಲಿ ಹಾಗೆ ಮಾತಾಡುವುದು ಎಷ್ಟು ಕಷ್ಟವೆಂದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಆಕೆಗೆ ಗೊತ್ತಿತ್ತು.

ಬೇರೆಯವರ ಉಗುರು, ಚಪ್ಪಲಿ ಕಂಡುಹಿಡಿಯುವವಳು, ತಾನೇ ಮಾಡಿದ ಹಲ್ಲು ಎಲ್ಲಿ ಸಿಳ್ಳೆ ಹಾಕಿತು, ಎಲ್ಲಿ ಹಾಕಲಿಲ್ಲ ಎಂದು ಕೇಳಿಸಿಕೊಂಡಿರಲಿಲ್ಲ. ತಪ್ಪು ತನ್ನದೆಂದು ತಿಳಿದಾಗ ಆಗದಿದ್ದ ನಾಚಿಕೆ, ತನ್ನದಲ್ಲವೆಂದು ತಿಳಿದಾಗ ಆಯಿತು.

"ಒಳ್ಳೇ ಪ್ಲೇಟನ್ನ ಹಾಳು ಮಾಡಿದೀರಿ" ಎಂದಳು.

"ಕ್ಷಮಿಸಿ ಅಮ್ಮಾ. ಅಂಚು ಸರಿಮಾಡ್ತೀರಾ?"

"ಬಿರುಕು ಮುಚ್ತೀನಿ. ಅಂಚು ಮುಟ್ಟೋದಿಲ್ಲ."

ಅವನು ಮತ್ತೆ ಕನ್ನಡಕ ಏರಿಸಿ, ಕಲೆಯ ಬಗ್ಗೆ ಎರಡು ಮಾತು ಉದುರಿಸಿ, ಸಹಾಯಕಿಯ ಕೈಯಲ್ಲಿ ಆಕೆಯ ಜೊತೆ ಒಂದು ಫೋಟೋ ತೆಗೆಸಿಕೊಂಡು ಹೋದ. ಮನುಷ್ಯ ಅಂಥವನೇ. ಕೆಲಸ ಮಾತ್ರ ಬೇರೆ.

ಬಾಗಿಲು ಮುಚ್ಚಿದ್ದೇ ಅರದಕ್ಕ ನಕ್ಷತ್ರರಾಯನಿಗೆ ಫೋನು ಮಾಡಿದಳು. "ಅದನ್ನ ತೆಗಿ."

"ತೆಗೆಯೋದಾ! ಪುಟ ಕಟ್ಟಿ ಆಗಿದೆ ಅಕ್ಕಾವ್ರೇ. ಸಂಜೆ ಅಚ್ಚಿಗೆ ಹೋಗುತ್ತೆ."

"ಸುಳ್ಳು ಅದು. ಪ್ಲೇಟು ಸರಿಯಾಗಿತ್ತು. ಅವನೇ ಉಜ್ಜಿಕೊಂಡಿದಾನೆ, ಬೇಕು ಅಂತಲೇ. ನಾನು ನೋಡದೆ ಮಾತಾಡಿದೆ."

"ಅಕ್ಕಾವ್ರೇ, ನೀವು ಅವನನ್ನ ಹೊಗಳ್ತಾ ಇದೀರಾ?"

"ತೆಗಿ ಅಂತಾ ಇದೀನಿ."

"ತೆಗೆದ್ರೆ ಅಷ್ಟು ಜಾಗ ಖಾಲಿ ಉಳಿಯುತ್ತೆ. ಏನು ತುಂಬಲಿ? ನೀವೇ ಏನಾದ್ರೂ ಕೊಡಿ, ತೆಗೀತೀನಿ. ಹೊಗಳಿ ಒಂದು ಮಾತು. ಇಲ್ಲಾಂದ್ರೆ ಇದೇ ಹೋಗುತ್ತೆ."

ಮೂರು ನಕ್ಷತ್ರಕ್ಕಿಂತ ಕೆಳಗೆ ಇಳಿಯದವನು ಒಮ್ಮೊಮ್ಮೆ ಹೀಗೆ ಮೇಲೇರಿ ಬರುವುದೂ ಉಂಟು. ಅರದಕ್ಕ ಮೇಜಿನ ಮೇಲಿದ್ದ ಅರವನ್ನು ಎತ್ತಿ, ಮತ್ತೆ ಇಟ್ಟಳು. ಹೇಳದಿದ್ದರೆ ತನ್ನ ಹೆಸರಿನಲ್ಲಿ ಒಬ್ಬನ ಒಳ್ಳೆಯ ಕೆಲಸದ ಮೇಲೆ ಸುಳ್ಳು ಅಚ್ಚಾಗುತ್ತದೆ. ಹೇಳಿದರೆ ನಡುಮನೆಯಲ್ಲಿ ಮುಂದೆ ಯಾವ ಮುಖದಿಂದ ಕೂರುವುದು?

"ಬರ್ಕೋ" ಎಂದಳು. "ಆ ನಟನಿಗೆ ಕೆಲಸ ಗೊತ್ತು. ನಾನು ಸರಿಯಾಗಿ ನೋಡಲಿಲ್ಲ. ಅಷ್ಟೇ. ಒಂದು ಅಕ್ಷರ ಸೇರಿಸಬೇಡ."

ಅಷ್ಟಕ್ಕೇ ಸುಮ್ಮನಿರಲು ಅವನಿಂದ ಆದೀತೇ? ಹೊಗಳಿಯೇ ಗೊತ್ತಿಲ್ಲದ ಅರದಕ್ಕ ಕೊನೆಗೂ ಹೊಗಳಿದರು ಎಂದು ಮೇಲೊಂದು ಸಾಲು ಎಳೆದು, ಎರಡು ವಾಕ್ಯವನ್ನು ನಡುವೆ ಚೌಕಟ್ಟಿನಲ್ಲಿ ಕೂರಿಸಿದ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತಂಗಿಯ ಗಂಡ ಅದನ್ನು ಓದಿ ಹೇಳಿದ. ತಂಗಿ ಮಾತ್ರ, "ಮೈ ಹುಷಾರಿಲ್ವಾ ಅಕ್ಕಾ?" ಎಂದು ಹಣೆ ಮುಟ್ಟಿ ನೋಡಿದಳು.

ಪ್ರಶಸ್ತಿ ಅವನಿಗೇ ಬಂತು. ಸಮಾರಂಭವನ್ನು ಎಲ್ಲರೂ ಟೀವಿಯಲ್ಲಿ ನೋಡಿದರು. ನಟ ಜೇಬಿನಿಂದ ಪ್ಲೇಟು ತೆಗೆದು ಹಾಕಿಕೊಂಡು ಮುದುಕನ ಎರಡು ಮಾತಾಡಿದ. ಸಭೆ ಎದ್ದು ನಿಂತಿತು. ಆಮೇಲೆ ಪ್ಲೇಟು ಕಳಚಿ, ಸ್ವಂತ ಬಾಯಿಯಲ್ಲಿ ಭಾಷಣ ಸುರುಮಾಡಿದ. ನಿರ್ಮಾಪಕರಿಗೆ, ಅವರ ಮಡದಿಗೆ, ವ್ಯಾಯಾಮ ಹೇಳಿಕೊಡುವವನಿಗೆ, ನಾಯಿಗೆ, ಗಾಳಿಗೆ, ಬೆಳಕಿಗೆ ಕೃತಜ್ಞತೆ ಹೇಳಿ, ಎರಡು ಸಲ ಅತ್ತ.

"ನಿನ್ನ ಹೆಸರೇ ಎತ್ತಲಿಲ್ಲವಲ್ಲ ಅಕ್ಕಾ" ಎಂದಳು ತಂಗಿ.

"ಸದ್ಯ. ಆ ಪಟ್ಟಿಯಲ್ಲಿ ನಿಲ್ಲೋ ಯೋಗ್ಯತೆ ನಾಯಿಗೆ ಬಿಟ್ರೆ ಯಾರಿಗೂ ಇರಲಿಲ್ಲ." ಟೀವಿ ಆರಿಸುತ್ತ ಸೇರಿಸಿದಳು: "ಅವನು ಭಾಷಣಕ್ಕೆ ಮುಂಚೆ ಪ್ಲೇಟು ತೆಗೀಬಾರದಾಗಿತ್ತು. ಎಲ್ಲೆಲ್ಲಿ ಸಿಳ್ಳೆ ಬರುತ್ತೆ ಅಂತ ಕೇಳಬಹುದಿತ್ತು."

ಪ್ರಶಸ್ತಿ ಬಂದದ್ದರಿಂದ ಚಿತ್ರ ಮತ್ತೆ ಚಿತ್ರಮಂದಿರಕ್ಕೆ ಬಂತು. ಶುಕ್ರವಾರ ಮಧ್ಯಾಹ್ನ ಅರದಕ್ಕ ಅಲ್ಲಿಗೆ ಹೋದಾಗ ಹೊಸ ಪೋಸ್ಟರು ನೇತಾಡುತ್ತಿತ್ತು. ಅದ್ಭುತ, ಅಮೋಘಗಳ ನಡುವೆ, ಮುದುಕನ ಗಡ್ಡದ ಕೆಳಗೆ, ಆಕೆಯ ಮುಷ್ಟಿಯಷ್ಟು ದೊಡ್ಡ ಅಕ್ಷರಗಳಲ್ಲಿ: "ಆ ನಟನಿಗೆ ಕೆಲಸ ಗೊತ್ತು!!!" ಕೆಳಗೆ, ಅರದಕ್ಕ. ಎರಡನೆಯ ವಾಕ್ಯ ಇರಲಿಲ್ಲ. ಆಕೆ ಸ್ವಂತಕ್ಕೆಂದು ಹೇಳಿದ್ದು ಅದೊಂದೇ, ಅದನ್ನೇ ಕಿತ್ತುಹಾಕಿ ಆ ಜಾಗಕ್ಕೆ ಮೂರು ಕಡ್ಡಿ ನೆಟ್ಟಿದ್ದರು.

"ನಿಮ್ಮದೇ ಅಲ್ವಾಮ್ಮ ಅದು?" ಟಿಕೆಟ್ ಕೊಡುವವನು ಕಿಂಡಿಯಿಂದ ಹಲ್ಲು ಕಿರಿದ. ಅವನ ಮುಂದಿನೆರಡು ಹಲ್ಲು ಆಕೆಯೇ ಮಾಡಿದ್ದು.

"ಕಡ್ಡಿಗಳು ನನ್ನವಲ್ಲ. ತುದಿಯ ಕುರ್ಚಿ ಕೊಡು."

ಒಂದು ಚಿತ್ರವನ್ನು ಎರಡನೆಯ ಸಲ ನೋಡಿದ್ದು ಆಕೆಯ ಬಾಳಿನಲ್ಲಿ ಅದೇ ಮೊದಲು. ಈ ಸಲ ಕಿವಿ ಕೊಟ್ಟು ಕೂತಳು. ಮಗಳ ಮುಂದೆ ಸಿಳ್ಳೆ. ನಾಯಿಯ ಮುಂದೆ ಇಲ್ಲ. ಮತ್ತೆ ಮಗಳು, ಮತ್ತೆ ಸಿಳ್ಳೆ. ಕೊನೆಯಲ್ಲಿ ಮುದುಕ ಮಗಳಿಗೆ ನಿಜ ಹೇಳುವ ಕಡೆ ಸಿಳ್ಳೆಯೇ ಬರಲಿಲ್ಲ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆಮೇಲೆ ಮುದುಕ ಎದ್ದು, ಕಾಲೆಳೆಯುತ್ತ ಗೋದಾಮಿನ ಗೇಟಿನ ಕಡೆಗೆ ನಡೆದ. ಆಕೆ ಮುಂದಕ್ಕೆ ಬಾಗಿದಳು.

ಹೊರಗೆ ಬಂದವಳೇ ಪೋಸ್ಟರಿನ ಕೆಳಗೆ ನಿಂತು ನಕ್ಷತ್ರರಾಯನಿಗೆ ಫೋನು ಮಾಡಿದಳು.

"ಇನ್ನೊಂದು ವಾಕ್ಯ ಇದೆ, ಬರ್ಕೋ. ಆಯುಷ್ಯವೆಲ್ಲ ಕಾಲೆಳೆದುಕೊಂಡು ಕಾವಲು ಕಾದವನ ಚಪ್ಪಲಿ ಹಿಮ್ಮಡಿ ಒಂದು ಚೂರೂ ಸವೆದಿಲ್ಲ. ಹೊಸ ಚಪ್ಪಲಿ. ಅಂಗಡಿಯ ಚೀಟಿ ಕಿತ್ತ ಗುರುತೂ ಹಾಗೇ ಇದೆ. ಮತ್ತೆ ಕೇಳು, ಆಶ್ಚರ್ಯಚಿಹ್ನೆ ಹಾಕಬೇಡ. ನನಗೆ ಒಂದಿಷ್ಟೂ ಆಶ್ಚರ್ಯವಾಗಿಲ್ಲ."